ಸಹನಾಳ ಓಲೆಯ ತಿರುಪು

೨೦೨೫ನೇ ಇಸವಿ ಫೆಬ್ರವರಿ ೯, ಭಾನುವಾರ. ಬೆಳಗಿನ ಎಂಟರವರೆಗೂ ಹೊಸೂರಿನ ಪಕ್ಕದ ಮತ್ತಿಗಿರಿ ಊರಿನ ಮೇಲೆ ಮಂಜು ಕವಿದಿತ್ತು. ಎದುರು ಮನೆಯ ನೀರಿನ ಟ್ಯಾಂಕು ಕೂಡ ಕಾಣುತ್ತಿರಲಿಲ್ಲ. ಒಂಬತ್ತರ ಹೊತ್ತಿಗೆ ಬಿಸಿಲು ಬಿದ್ದಿತು. ಮಧ್ಯಾಹ್ನ ಒಣಗಾಳಿ ಎದ್ದು, ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಮಾಡಿತು.

ಮೋಹನ ಆ ಬಟ್ಟೆಗಳನ್ನು ಕೊಡವಿ ಮತ್ತೆ ತಂತಿಗೆ ಹಾಕುತ್ತಿದ್ದಾಗ ಉದ್ದನಪಲ್ಲಿಯಿಂದ ತಂಗಿ ಕೋಮಲಾಳ ಫೋನು ಬಂತು.

"ಅಣ್ಣ, ಪಾಪು ಕಿವಿ ಊದ್ಕಂಡದೆ. ಬಲಗಡೇದು."

"ಊದ್ಕಂಡದೆ ಅಂದ್ರೆ? ಎಷ್ಟು?"

"ಎಷ್ಟು ಅಂತ ಹೇಳ್ಲಿ, ನಿನ್ ಫ್ಯಾಕ್ಟರಿ ಥರ ಅಳತೆ ಇಟ್ಟು ನೋಡ್ಲಾ? ಕೆಂಪಗಾಗದೆ. ಮುಟ್ಟಿದ್ರೆ ಕಿರುಚ್ತಾಳೆ. ಓಲೆ ತೆಗೀಬೇಕೇನೋ ಅಂತ ನಂಗನಿಸ್ತದೆ. ಆದ್ರೆ ನಮ್ಮತ್ತೆ, ಸೋದರಮಾವ ಇಕ್ಕಿದ್ ಓಲೆನ ಮಾವನೇ ಬಂದು ತೆಗೀಬೇಕು, ಇನ್ಯಾರೂ ಮುಟ್ಟಂಗಿಲ್ಲ ಅಂತಾರೆ."

ಮೋಹನ ಒಂದು ಟವೆಲನ್ನು ಎರಡು ಸಲ ಕೊಡವಿದ. ಕೋಮಲಾ ದನಿ ತಗ್ಗಿಸಿದಳು. "ಓಲೆ ಯಾವ ಅಂಗಡೀಲಿ ತಗಂಡಿದ್ದು ಅಂತಾನೂ ಕೇಳಿದ್ರು ಕಣಣ್ಣ."

ಆ ಕೊನೆಯ ಮಾತು ಹೇಳದಿದ್ದರೆ ಅವನು ಅಂದೇ ಗಾಡಿ ಹತ್ತುತ್ತಿದ್ದನೋ ಏನೋ. ಈಗ ಅವನ ಮನಸ್ಸು ಮಗುವಿನ ಕಿವಿಯನ್ನು ಬಿಟ್ಟು, ಓಲೆಯ ಬಂಗಾರದ ಮೇಲೆ ಅವರಿಗೆ ಅನುಮಾನವೇ ಎಂಬ ಕಡೆಗೆ ತಿರುಗಿತು.

ಮೋಹನನಿಗೆ ನಲವತ್ತೆರಡು ವಯಸ್ಸು. ಮಾಲೂರಿನ ಕಡೆಯವನು. ಐ.ಟಿ.ಐ. ಮುಗಿಸಿ, ಒಂದೆರಡು ವರ್ಷ ದುಡಿದು ಊರಿಗೆ ಹಿಂದಿರುಗುವೆನೆಂದು ಹೊಸೂರಿಗೆ ಬಂದವನು ಇಲ್ಲಿಯೇ ಬೇರುಬಿಟ್ಟ. ಬೈಕುಗಳ ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿ ಅವನ ಕೆಲಸ ಇಷ್ಟೇ: ಚಕ್ರದ ಅಚ್ಚಿಗೆ ಹಾಕಿದ ನಟ್ಟನ್ನು ಹೇಳಿದಷ್ಟು ಬಿಗಿ ಮಾಡುವುದು. ಕೈಯಲ್ಲಿರುವ ಉದ್ದ ಹಿಡಿಯ ಸಾಧನ 'ಟಕ್' ಎಂದ ಕೂಡಲೇ ಕೈ ನಿಲ್ಲಬೇಕು. ನಿಂತ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಬಿದ್ದ ನಟ್ಟನ್ನು ಆಮೇಲೆ ಮ್ಯಾನೇಜರೇ ಬಂದರೂ ಮುಟ್ಟುವ ಹಾಗಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಅವನು ಮೊದಲು ಕಲಿಸುವುದು ಈ ಗೆರೆಯ ಮರ್ಯಾದೆಯನ್ನು.

ಕಾರ್ಖಾನೆಯಲ್ಲಿ ಕಲಿತ ಶಿಸ್ತು ಅವನ ಜೊತೆ ಗೇಟಿನ ಹೊರಗೆ ಬರುತ್ತಿರಲಿಲ್ಲ. ಬೆರಳುಗಳ ಚಪಲ ಮಾತ್ರ ಬರುತ್ತಿತ್ತು. ಕುಕ್ಕರಿನ ಹಿಡಿ, ನಲ್ಲಿಯ ತಲೆ, ಉಪ್ಪಿನಕಾಯಿ ಜಾಡಿಯ ಮುಚ್ಚಳ, ಹೀಗೆ ತಿರುಗಿಸಲು ಬರುವಂಥದ್ದು ಯಾವುದು ಸಿಕ್ಕರೂ ಇನ್ನೊಂದು ಸುತ್ತು ಬಿಗಿಮಾಡಿಯೇ ಕೈ ತೆಗೆಯುತ್ತಿದ್ದ. "ನೀವು ಮುಚ್ಚಿದ್ ಜಾಡಿ ತೆಗ್ಯಕ್ಕೆ ನಾನು ಕ್ರೇನ್ ತರಿಸ್ಬೇಕು," ಎಂದು ಹೆಂಡತಿ ಕಲ್ಪನಾ ಅಂದಾಗಲೆಲ್ಲ ನಗುತ್ತಿದ್ದ. ನಕ್ಕು ಮತ್ತೆ ಬಿಗಿಮಾಡುತ್ತಿದ್ದ.

ಕೋಮಲಾ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ತಂದೆ ತಾಯಿ ಒಬ್ಬರ ಹಿಂದೊಬ್ಬರು ಹೋದ ಮೇಲೆ ಅಣ್ಣ ಅತ್ತಿಗೆಯರೇ ಅವಳನ್ನು ಓದಿಸಿ, ಉದ್ದನಪಲ್ಲಿಯ ಗಿರಿಗೆ ಕೊಟ್ಟು ಮದುವೆ ಮಾಡಿದರು. ಗಿರಿಯ ಮನೆಯವರು ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ಒಕ್ಕಲಿನವರು. ಟೊಮೆಟೊ, ಎಲೆಕೋಸು ಬೆಳೆಯುತ್ತಾರೆ. ಕೋಮಲಾಳಿಗೆ ತವರೆಂದರೆ ಮತ್ತಿಗಿರಿಯ ಎರಡು ಕೋಣೆಯ ಬಾಡಿಗೆ ಮನೆ. ಇದು ಮೋಹನನ ಮನಸ್ಸಿನಲ್ಲಿ ಸದಾ ಇರುವ ಮುಳ್ಳು. ಕೋಮಲಾಳ ಅತ್ತೆ ಮುನಿರತ್ನಮ್ಮ ಸೊಸೆಯ ತವರಿನ ಬಗ್ಗೆ ಇದುವರೆಗೆ ಒಂದು ಕೊಂಕು ಮಾತನ್ನೂ ಆಡಿದವರಲ್ಲ. ಆಡದೆ ಇರುವುದರಿಂದಲೇ ಅವನು ಅವರ ಮುಖವನ್ನು ಹೆಚ್ಚು ಗಮನವಿಟ್ಟು ನೋಡುತ್ತಿದ್ದ.

ಸಂಕ್ರಾಂತಿ ಕಳೆದು ಕೋಮಲಾಳ ಮಗಳು ಸಹನಾಳಿಗೆ ಏಳು ತಿಂಗಳು ನಡೆಯುತ್ತಿದ್ದಾಗ ಕಿವಿ ಚುಚ್ಚುವ ಶಾಸ್ತ್ರವಾಯಿತು. ಓಲೆ ತರಬೇಕಾದವನು ಸೋದರಮಾವ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನೂ ಅವನೇ. ಮೋಹನ ಹೊಸೂರಿನ ಅಂಗಡಿಯಲ್ಲಿ ಮೂರು ಸಲ ನೋಡಿ, ನಾಲ್ಕನೆಯ ಸಲ ಕಲ್ಪನಾಳನ್ನು ಕರೆದುಕೊಂಡು ಹೋಗಿ, ಬೇಳೆಕಾಳಿನಷ್ಟು ಚಿಕ್ಕದಾದ ಕೆಂಪು ಹರಳಿನ ಓಲೆ ತಂದಿದ್ದ. ಹಿಂದುಗಡೆ ತಿರುಪು, ಅಂದರೆ ಪುಟ್ಟ ನಟ್ಟು. ಅದನ್ನು ಕಂಡಾಗ ಅವನಿಗೆ ಬಲು ಹಿತವಾಗಿತ್ತು. ಲೋಕದಲ್ಲಿ ತನಗೆ ಚೆನ್ನಾಗಿ ಗೊತ್ತಿರುವ ವಸ್ತುವೊಂದು ಬಂಗಾರದಲ್ಲಿ ಮಾಡಿಸಿಕೊಂಡು ಬಂದಂತಿತ್ತು.

ರಾಯಕೋಟೆಯಿಂದ ಬಂದ ಅಕ್ಕಸಾಲಿ ಮಾತಿನಲ್ಲಿ ಮಗುವನ್ನು ಆಡಿಸುತ್ತ ಆಡಿಸುತ್ತ ಕೆಲಸ ಮುಗಿಸಿದ. ಸಹನಾ ಅತ್ತಳು, ಮಾವನ ಹೊಸ ಪಂಚೆಯನ್ನು ಒದ್ದೆ ಮಾಡಿದಳು, ಬಂದವರಿಗೆಲ್ಲ ಬೆಲ್ಲ ಕಲಸಿದ ಪುರಿ ಹಂಚಿದರು. ಮುನಿರತ್ನಮ್ಮ ಓಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗದೆ ಕಣಪ್ಪ," ಎಂದರು. ಅನಂತರ ಎಲ್ಲರಿಗೂ ಕೇಳುವಂತೆ ಹೇಳಿದರು:

"ವರ್ಷ ತುಂಬೋಗಂಟ ಈ ಓಲೆ ಕಿವಿ ಬಿಡಂಗಿಲ್ಲ. ಬಿದ್ದೋದ್ರೆ ಮಾವನ ಮನೆಗೆ ಒಳ್ಳೇದಲ್ಲ. ನಮ್ಮೂರ ಚಿಕ್ಕತಾಯಮ್ಮನ ಮೊಮ್ಮಗಳದು ಹುಲ್ಲಿನ ಬಣವೇಲಿ ಬಿದ್ದೋಗಿ, ಬಣವೇನೇ ಬಿಚ್ಚುದ್ರು. ಸಿಕ್ತಾ? ಆ ವರ್ಷವೇ ಅವಳ ಮಾವ ಸೈಕಲ್ಲಿಂದ ಬಿದ್ದು ಕಾಲು ಮುರ್ಕಂಡ."

"ಅವನು ಕುಡಿದಿದ್ದ ಕಣಮ್ಮ," ಎಂದ ಗಿರಿ.

"ಕುಡಿಯೋನು ದಿನಾ ಕುಡೀತಿದ್ದ. ಬಿದ್ದಿದ್ದು ಆ ವರ್ಷವೇ ಅಲ್ವೇನ್ಲಾ?"

ಮುಂದಿನ ಭಾನುವಾರ ಮೋಹನ ಹೋದಾಗ ಮಗು ಚೆನ್ನಾಗಿಯೇ ಇತ್ತು. ಎತ್ತಿಕೊಂಡ, ಓಲೆ ಇದೆಯೇ ಎಂದು ಬೆರಳಿನಿಂದ ಕಿವಿಯ ಹಿಂದೆ ಮುಟ್ಟಿ ನೋಡಿದ, ಒಂದು ಚೀಲ ಟೊಮೆಟೊ ಹಾಕಿಸಿಕೊಂಡು ಮನೆಗೆ ಬಂದ.

ಅದಾದ ಒಂದು ವಾರಕ್ಕೆ ಈ ಫೋನು.

ಸಂಜೆ ಮೋಹನನೇ ತಿರುಗಿ ಫೋನು ಮಾಡಿದ. ಕೋಮಲಾಳ ಕೈಯಿಂದ ಫೋನು ಮುನಿರತ್ನಮ್ಮನವರ ಕೈಗೆ ಹೋಯಿತು.

"ಏನತ್ತೆ, ಹೆಂಗದೆ ಮಗು?"

"ನಂಜು ಕಣಪ್ಪ ಮೋಹನ. ನಿನ್ ತಂಗಿ ಕಡ್ಲೇಕಾಯಿ ತಿಂದವಳೆ, ಬದನೇಕಾಯಿ ತಿಂದವಳೆ. ಹಾಲು ಕುಡಿಯೋ ಕೂಸಿಗೆ ಇಳೀದೆ ಇರ್ತದಾ? ಅರಿಶಿನಾನ ಕೊಬ್ರಿ ಎಣ್ಣೇಲಿ ಕಲಸಿ ಹಚ್ಚಿವ್ನಿ."

ಹಿಂದಿನಿಂದ ಕೋಮಲಾ, "ಬದ್ನೇಕಾಯಿ ನೀವೇ ಬಡಿಸಿದ್ದು ಅತ್ತೆ," ಎಂದದ್ದು ಕೇಳಿಸಿತು. ಆಮೇಲೆ ಫೋನು ಗಿರಿಯ ಕೈಗೆ ಬಂತು. ಅವನು ಮೆಡಿಕಲ್ ಸ್ಟೋರಿನಿಂದ ಯಾವುದೋ ಮುಲಾಮು ತಂದು, ಅಮ್ಮ ಹೊಲಕ್ಕೆ ಹೋದಾಗ ಅರಿಶಿನದ ಮೇಲೆಯೇ ಹಚ್ಚಿದ್ದನಂತೆ. ಪಕ್ಕದ ಮನೆಯ ಕೊಂಡಮ್ಮ ಬಂದು ನೋಡಿ, ಎದೆಹಾಲು ಎರಡು ತೊಟ್ಟು ಬಿಟ್ಟರೆ ಸಾಕು ಎಂದಿದ್ದರಿಂದ ಅದನ್ನೂ ಬಿಟ್ಟಿದ್ದರು. ಹೋಗುವಾಗ ಕೊಂಡಮ್ಮ, "ತಾಮ್ರ ಜಾಸ್ತಿ ಬೆರ್ತಿದ್ರೂ ಹಿಂಗಾಗ್ತದೆ," ಎಂದೂ ಹೇಳಿ ಹೋಗಿದ್ದರು.

"ಡಾಕ್ಟ್ರಿಗೆ ತೋರ್ಸಾನ ಅಂದ್ರೆ ಅಮ್ಮ, ಅವರು ಮೊದ್ಲು ಓಲೆನೇ ಬಿಚ್ತಾರೆ, ಮಾವ ಬರ್ಲಿ ಅಂತಾರೆ. ನೀವು ಯಾವಾಗ ಬತ್ತೀರ ಬಾವ?" ಎಂದು ಗಿರಿ ಕೇಳಿದ.

"ಬತ್ತೀನಿ, ಬತ್ತೀನಿ," ಎಂದ ಮೋಹನ. ಯಾವಾಗ ಎಂದು ಹೇಳಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅವನ ತಲೆಯಲ್ಲಿ ಎಲ್ಲವೂ ಕಲಸಿಹೋಗಿತ್ತು. ನಂಜಿನಿಂದ ಆಗಿದ್ದರೆ ಒಂದೇ ಕಿವಿ ಏಕೆ? ಬಂಗಾರದ ದೋಷವಾಗಿದ್ದರೂ ಎರಡು ಕಿವಿಯೂ ಊದಬೇಕಲ್ಲವೇ? ಅಥವಾ ಒಂದು ಓಲೆ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಜೋಡಿ ಮಾಡಿರಬಹುದೇ? ಅಕ್ಕಸಾಲಿಯ ಸೂಜಿ? ಆದರೆ ಮೊದಲ ವಾರ ಏನೂ ಆಗಿರಲಿಲ್ಲ. ಯಾವ ಕಾರಣ ಹಿಡಿದು ಹೊರಟರೂ ಅರ್ಧ ದಾರಿಯಲ್ಲಿ ಇನ್ನೊಂದು ಅಡ್ಡ ಬರುತ್ತಿತ್ತು. ಅವುಗಳಲ್ಲಿ ತಾನು ಹೋಗಿ ಪರೀಕ್ಷಿಸಬಹುದಾದದ್ದು ಒಂದೇ: ಬಂಗಾರ.

ಸೋಮವಾರ ಮೊದಲ ಪಾಳಿ ಮುಗಿಸಿದವನು ನೇರವಾಗಿ ಹೊಸೂರಿನ ಅಂಗಡಿಗೆ ಹೋದ. ಓಲೆ ಮಾರಿದ್ದ ಹುಡುಗ ಗುರುತು ಹಿಡಿದು, ಬಿಲ್ಲನ್ನು ಕೈಯಲ್ಲಿ ಹಿಡಿದು ಬಂದವರನ್ನು ಕಂಡರೆ ಆಗುವ ಎಚ್ಚರಿಕೆಯಲ್ಲಿ, "ಸುತ್ತ ತಂಗಂ ಸಾರ್," ಎಂದು ಅಪ್ಪಟ ಚಿನ್ನದ ಆಣೆಯನ್ನು ತಮಿಳಿನಲ್ಲಿ ಇಟ್ಟ. ಒಳಗಿನಿಂದ ಮಾಲೀಕ ಬಂದ.

"ಓಲೆ ಕೊಡಿ, ಮಿಷನ್ನಲ್ಲಿ ಇಟ್ಟು ಈಗ್ಲೇ ತೋರಿಸ್ತೀನಿ."

"ಓಲೆ ಮಗು ಕಿವೀಲದೆ."

"ಹಂಗಾದ್ರೆ ಮಗೂನೇ ತನ್ನಿ, ಇಡ್ತೀನಿ," ಎಂದು ಮಾಲೀಕ ನಕ್ಕ. ಮೋಹನನಿಗೆ ನಗು ಬರಲಿಲ್ಲ. ಅದನ್ನು ಕಂಡು ಮಾಲೀಕ ಸಮಾಧಾನದ ದನಿಯಲ್ಲಿ ಹೇಳಿದ: "ಓಲೆ ಇಪ್ಪತ್ತೆರಡು ಕ್ಯಾರೆಟ್ಟು, ಅದರಲ್ಲಿ ಅನುಮಾನ ಬೇಡ. ತಿರುಪು ಮಾತ್ರ ಕೊಂಚ ಗಟ್ಟಿ ಚಿನ್ನ. ಮೆದು ಚಿನ್ನದಲ್ಲಿ ಮಾಡಿದ್ರೆ ಸುತ್ತು ಸವೆದು ಬಿದ್ದೋಗುತ್ತೆ. ಎಲ್ಲ ಅಂಗಡೀಲೂ ಹಂಗೇ."

ಗಟ್ಟಿ ಚಿನ್ನವೆಂದರೆ ಬೆರಕೆ ಹೆಚ್ಚು ಎಂದಲ್ಲವೇ? ಹಾಗಾದರೆ ಕೊಂಡಮ್ಮ ಹೇಳಿದ್ದು ನಿಜವೇ? ಆದರೆ ಎಲ್ಲ ಅಂಗಡಿಯಲ್ಲೂ ಹಾಗೆಯೇ ಇದ್ದರೆ ಊರಿನ ಮಕ್ಕಳ ಕಿವಿಗಳೆಲ್ಲ ಊದಬೇಕಿತ್ತು. ಅಂಗಡಿಗೆ ಹೋಗುವಾಗ ಅವನ ಬಳಿ ಒಂದು ಸಂಶಯವಿತ್ತು, ಬರುವಾಗ ಎರಡಾಗಿದ್ದವು.

ಮನೆಯಲ್ಲಿ ಕಲ್ಪನಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಬಾಗಿಲ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಬ್ಲೌಸು ಹೊಲಿಯುವವಳು. ಕೆಲಸ ನಿಲ್ಲಿಸದೆಯೇ ಮಾತಾಡುತ್ತಿದ್ದಳು. ಈಗ ಯಂತ್ರ ನಿಲ್ಲಿಸಿದಳು.

"ಮಗು ಇರೋದು ಉದ್ದನಪಲ್ಲೀಲಿ. ನೀವು ಹೋಗಿದ್ದು ಚಿನ್ನದಂಗಡಿಗೆ."

"ತಿಳ್ಕಂಡು ಹೋಗಾನ ಅಂತ ಕಣೆ. ಅತ್ತೆ ಕೇಳಿದ್ರೆ ಏನ್ ಹೇಳ್ಲಿ?"

"ಆಯಮ್ಮ ಕೇಳಿದ್ದು ಅಂಗಡಿ ಹೆಸರು. ಅವರ ಅಕ್ಕನ ಮೊಮ್ಮಗಳಿಗೂ ಅಂಥಾದ್ದೇ ತಗಳ್ಳಕ್ಕೆ ಇರ್ಬೋದು. ಅದು ಯಾಕೆ ನಿಮ್ ತಲೇಗೆ ಹೋಗಲ್ಲ?"

ಹೀಗೂ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಇರಬಹುದು ಎಂದುಕೊಂಡ, ಇರಲಾರದು ಎಂದೂ ಅನ್ನಿಸಿತು. ಅಂತೂ ಮಂಗಳವಾರಕ್ಕೆ ರಜೆ ಹೇಳಿದ.

ಮಂಗಳವಾರ ಬೆಳಗ್ಗೆ ಅವನು ಬೈಕು ತೆಗೆಯುವ ಮುಂಚೆಯೇ ಕೋಮಲಾಳ ಫೋನು ಬಂತು. ಈ ಸಲ ಅಳುತ್ತಿದ್ದಳು. ಕಿವಿಯಿಂದ ಕೀವು ಬರುತ್ತಿದೆ, ಹಾಲೂ ಸರಿಯಾಗಿ ಕುಡಿಯುತ್ತಿಲ್ಲ. "ಅದೂ ಅಲ್ದೆ ತಿರ್ಪು ಬಿದ್ದೋಗದೆ ಕಣಣ್ಣ. ಹಿಂದ್ಗಡೆ ಕಾಣ್ತಾನೇ ಇಲ್ಲ. ತೊಟ್ಲು, ಬಟ್ಟೆ, ಕಸದ ಗುಡ್ಡೆ ಎಲ್ಲಾ ಹುಡ್ಕುದ್ವಿ."

ಮೋಹನ ಉದ್ದನಪಲ್ಲಿ ತಲುಪಿದಾಗಲೂ ಹುಡುಕಾಟ ನಡೆದೇ ಇತ್ತು. ಗಿರಿ ಮಂಚದ ಕೆಳಗೆ ಟಾರ್ಚು ಹಿಡಿದು ಮಲಗಿದ್ದ. ಅವನ ಕಾಲುಗಳು ಮಾತ್ರ ಹೊರಗಿದ್ದವು. ಮುನಿರತ್ನಮ್ಮ ಮೊರದಲ್ಲಿ ಕಸ ಹಾಕಿಕೊಂಡು ಕೇರುತ್ತಿದ್ದರು. ಅವನನ್ನು ಕಂಡೊಡನೆ, "ನಿನ್ ಮನೇಗೆ ಏನೂ ಆಗ್ದೆ ಇರ್ಲಪ್ಪ," ಎಂದು ಕೈ ಮುಗಿದರು. ಅವರ ಕಣ್ಣು ತುಂಬಿತ್ತು. ಎರಡು ದಿನದಿಂದ ಅವರ ಮುಖದಲ್ಲಿ ತಾನು ಏನನ್ನು ಕಾಣಬೇಕಾಗುವುದೋ ಎಂದು ಅಂಜಿದ್ದವನಿಗೆ, ಕಂಡದ್ದು ತನ್ನ ಮನೆಗೆ ಏನಾದೀತೋ ಎಂಬ ಅಂಜಿಕೆಯೇ ಆದಾಗ ಏನೂ ಅರ್ಥವಾಗಲಿಲ್ಲ.

ಮಗುವನ್ನು ಎತ್ತಿಕೊಂಡ. ಬಲಗಿವಿಯ ಹಾಲೆ ಮಾಗಿದ ಟೊಮೆಟೊ ಚೂರಿನಂತೆ ಉಬ್ಬಿತ್ತು. ಮುಂದುಗಡೆ ಕೆಂಪು ಹರಳು ಚರ್ಮದಲ್ಲಿ ಅರ್ಧ ಮುಳುಗಿತ್ತು. ಹಿಂದುಗಡೆ ಅರಿಶಿನ, ಮುಲಾಮು, ಎಣ್ಣೆ ಎಲ್ಲ ಸೇರಿ ಹೆಪ್ಪುಗಟ್ಟಿದ್ದ ಒಂದು ಪೊರೆ. ಅದರ ಬದಿಯಿಂದ ಕೀವು. ತಿರುಪಿನ ಸುಳಿವಿಲ್ಲ.

"ಬಾವ, ತಿರ್ಪಿಲ್ದಿದ್ರೆ ಓಲೆ ಸಲೀಸಾಗಿ ಬತ್ತದೆ. ನೀವೇ ತೆಗ್ದುಬುಡಿ, ಶಾಸ್ತ್ರಕ್ಕೆ," ಎಂದ ಗಿರಿ, ಮಂಚದ ಕೆಳಗಿನಿಂದ.

ಮೋಹನ ಹರಳನ್ನು ಎರಡು ಉಗುರುಗಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಸಹನಾ ಕಿರುಚಿದ ದನಿಗೆ ಹೊರಗೆ ಕಟ್ಟಿದ್ದ ಕರು ಹಗ್ಗ ಎಳೆಯಿತು. ಓಲೆ ಅಲುಗಲಿಲ್ಲ.

ಅವನು ಕೈ ತೆಗೆದ. ನಟ್ಟು ಬಿದ್ದುಹೋಗಿದೆ ಎನ್ನುತ್ತಾರೆ, ಬೋಲ್ಟು ಅಲುಗುತ್ತಿಲ್ಲ. ನಟ್ಟಿಲ್ಲದೆ ಬೋಲ್ಟು ಹೇಗೆ ನಿಂತೀತು? ಕಾರ್ಖಾನೆಯಲ್ಲಾಗಿದ್ದರೆ ಇದು ಪ್ರಶ್ನೆಯೇ ಅಲ್ಲ. ಇಲ್ಲಿ ಮಗುವಿನ ಅಳು, ಮೊರದ ಸದ್ದು, ಕೋಮಲಾಳ ಬಿಕ್ಕು ಇವುಗಳ ನಡುವೆ ಅದು ಅವನಿಗೆ ಹೊಳೆಯಲು ಹೊತ್ತು ಹಿಡಿಯಿತು.

"ಹುಡುಕೋದ್ ನಿಲ್ಸಿ," ಎಂದ. "ತಿರ್ಪು ಎಲ್ಲೂ ಬಿದ್ದಿಲ್ಲ. ಕಿವಿ ಒಳಗದೆ."

ಟೊಮೆಟೊ ಸಾಗಿಸುವ ಗಿರಿಯ ಟೆಂಪೊದಲ್ಲಿ ಎಲ್ಲರೂ ಹೊಸೂರಿಗೆ ಹೊರಟರು. ಮಗುವನ್ನು ಹಿಡಿದ ಕೋಮಲಾ, ಮುನಿರತ್ನಮ್ಮ ಮುಂದೆ. ಮೋಹನ ಹಿಂದೆ, ಖಾಲಿ ಕ್ರೇಟುಗಳ ನಡುವೆ. ರಾಯಕೋಟೆ ರಸ್ತೆಯ ಪ್ರತಿ ಉಬ್ಬಿಗೂ ಕ್ರೇಟುಗಳು ಅವನ ಮೇಲೆ ಬೀಳುತ್ತಿದ್ದವು. ತಳ್ಳುತ್ತ ತಳ್ಳುತ್ತ ಅವನು ಮೊದಲ ಫೋನಿಗೆ ಒಂದು ವಾರ ಹಿಂದಿನ ಭಾನುವಾರವನ್ನು ನೆನೆಯುತ್ತಿದ್ದ. ಮಗುವನ್ನು ಎತ್ತಿಕೊಂಡೆ. ಕಿವಿಯ ಹಿಂದೆ ಬೆರಳಿಟ್ಟೆ. ಆಮೇಲೆ? ಬರಿದೆ ಮುಟ್ಟಿ ನೋಡಿದೆನೋ, ತಿರುಗಿಸಿದೆನೋ? ಮನಸ್ಸಿಗೆ ನೆನಪಿರಲಿಲ್ಲ. ಹೆಬ್ಬೆರಳಿಗೆ ನೆನಪಿತ್ತು.

ಮಕ್ಕಳ ವೈದ್ಯೆ ರಮಾದೇವಿ ಹೊಸೂರಿನವರೇ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯಬಲ್ಲವರು. ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಕಿವಿಯ ಹಿಂದಿನ ಪೊರೆಯನ್ನು ನಿಧಾನವಾಗಿ ನೆನೆಸಿ ತೆಗೆದರು. ಕೆಳಗೆ ಚರ್ಮ ಮುಚ್ಚಿಕೊಂಡಿತ್ತು. ಅದರ ನಡುವೆ ಸಾಸಿವೆಯಷ್ಟು ಹಳದಿ ಹೊಳಪು.

"ತಿರುಪು ಒಳಗೆ ಕೂತಿದೆ. ಹೆದರಬೇಡಿ, ಚಿಕ್ಕ ಮಕ್ಕಳಲ್ಲಿ ಇದನ್ನ ನೋಡ್ತಾನೇ ಇರ್ತೀವಿ. ಮರಗಟ್ಟಿಸಿ ತೆಗೀತೀನಿ. ಮಗೂನ್ನ ಯಾರು ಹಿಡ್ಕೋತೀರ?"

"ಮಾವನೇ ಹಿಡೀಬೇಕು," ಎಂದರು ಮುನಿರತ್ನಮ್ಮ.

ಹೀಗೆ ಸಹನಾ ಮತ್ತೊಮ್ಮೆ ಸೋದರಮಾವನ ತೊಡೆಯೇರಿದಳು. ಔಷಧಿಯಿಂದ ಕಿವಿ ಮರಗಟ್ಟಿದ ಮೇಲೆ ವೈದ್ಯೆ ಚಿಕ್ಕ ಚಿಮುಟದಿಂದ ತಿರುಪನ್ನು ಹಿಡಿದು ಬಿಡಿಸಿದರು. ಅಳು ದೊಡ್ಡದಾಗಿಯೇ ಇತ್ತು, ರಕ್ತ ಕೊಂಚ ಬಂತು, ಕೀವು ಹೆಚ್ಚು ಬಂತು. ಕೆಲಸ ಮುಗಿಯಲು ಹಿಡಿದ ಹೊತ್ತಿಗಿಂತ ಮಗು ಸುಮ್ಮನಾಗಲು ಹಿಡಿದ ಹೊತ್ತೇ ಜಾಸ್ತಿ.

"ಡಾಕ್ಟ್ರೇ," ಎಂದ ಮೋಹನ. "ಬಂಗಾರ ಸರಿ ಇಲ್ವಾ?"

"ಬಂಗಾರಕ್ಕೆ ಏನಾಗಿದೆ? ಚೆನ್ನಾಗೇ ಇದೆ."

"ನಂಜೇನಾದ್ರೂ…" ಎಂದರು ಮುನಿರತ್ನಮ್ಮ.

"ನಂಜೂ ಇಲ್ಲ, ಗಿಂಜೂ ಇಲ್ಲ. ತಾಯಿ ಏನು ಬೇಕಾದ್ರೂ ತಿನ್ನಲಿ. ಚುಚ್ಚಿದ ಕಿವಿ ಮೊದಲು ಸ್ವಲ್ಪ ಊದೇ ಊದುತ್ತೆ, ಅದಕ್ಕೆ ಜಾಗ ಬೇಕು. ಇಲ್ಲಿ ಓಲೆಗೂ ತಿರುಪಿಗೂ ನಡುವೆ ಒಂದು ಕೂದಲು ಹೋಗೋಷ್ಟೂ ಜಾಗ ಇರಲಿಲ್ಲ." ವೈದ್ಯೆ ಕೈಗವಸು ತೆಗೆಯುತ್ತ ತಲೆಯೆತ್ತಿದರು. "ಇಷ್ಟು ಬಿಗಿಯಾಗಿ ತಿರುಗಿಸಿದ್ದು ಯಾರು?"

ಗಿರಿ ಗೋಡೆಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ನರ್ಸು, "ಕೇಕ್ಕುರಾಂಗಲ್ಲ, ಸೊಲ್ಲುಂಗ," ಎಂದು, ಕೇಳುತ್ತಿದ್ದಾರಲ್ಲ ಹೇಳಿ ಎಂಬಂತೆ ತಮಿಳಿನಲ್ಲಿ ಗದರಿದಳು.

"ತಲೆಗೆ ಎರೆದ ದಿನ ನಾನೊಂದು ಸುತ್ತು," ಎಂದಳು ಕೋಮಲಾ. "ಟವೆಲ್ಗೆ ಸಿಕ್ಕಾಕ್ಕಂಡು ಬಿದ್ದೋಗ್ತದೇನೋ ಅಂತ."

"ನಾನು ಜಾಸ್ತಿ ತಿರುಗಿಸ್ನಿಲ್ಲ," ಎಂದರು ಮುನಿರತ್ನಮ್ಮ. "ದಿನಾ ಹೊತ್ತಾರೆ ಎತ್ಕಂಡಾಗ, ಸಡ್ಲ ಆಗದಾ ಅಂತ ಒಂಚೂರು."

"ದಿನಾ?" ಎಂದರು ವೈದ್ಯೆ.

"ಬಿದ್ದೋದ್ರೆ ಇವನ ಮನೇಗೆ ಕೆಡುಕಲ್ವಾ ತಾಯಿ!"

ಗಿರಿ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದುತ್ತಿದ್ದವನು, ತಿರುಗದೆಯೇ, "ಟೊಮೆಟೊ ಮಂಡಿಗೆ ಕರ್ಕಂಡೋಗಿದ್ದಾಗ ನಾನೂ ಒಂದ್ಸಲ," ಎಂದ.

"ಥೂ ನಿನ್ನ! ಗಂಡಸು ಕೈ ಕಣ್ಲಾ ಅದು. ಮಗು ಕಿವೀಗೆ ಟ್ರ್ಯಾಕ್ಟರ್ ನಟ್ಟು ಹಾಕ್ದಂಗೆ ಹಾಕ್ಬುಟ್ಟಿದ್ದೀಯ," ಎಂದು ಮುನಿರತ್ನಮ್ಮ ಮಗನ ಮೇಲೆ ಹರಿಹಾಯ್ದರು.

ಮೋಹನನಿಗೆ ಸುಮ್ಮನಿದ್ದುಬಿಡಲು ಅವಕಾಶವಿತ್ತು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. "ನಾನೂನೂ," ಎಂದ. "ಆಚೆ ಭಾನುವಾರ ಬಂದಿದ್ನಲ್ಲ, ಆಗ. ಎಷ್ಟು ಸುತ್ತು ಅಂತ ಗೊತ್ತಿಲ್ಲ."

"ನೀವು ಏನ್ ಕೆಲಸ ಮಾಡೋದು?" ಎಂದು ವೈದ್ಯೆ ಸಹಜವಾಗಿ ಕೇಳಿದರು.

ಉತ್ತರಕ್ಕೆ ಮುಂಚೆ ಕೋಮಲಾ ನಕ್ಕುಬಿಟ್ಟಳು. ಅತ್ತು ಕೆಂಪಾದ ಕಣ್ಣುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ನಕ್ಕಳು. "ನಟ್ಟು ಟೈಟ್ ಮಾಡೋದೇ ಡಾಕ್ಟ್ರೇ ಅವನ ಕೆಲ್ಸ."

ಇನ್ನು ಎಡಗಿವಿ. ಅದರ ತಿರುಪು ಇನ್ನೂ ಹೊರಗೆ ಕಾಣುತ್ತಿತ್ತು, ಆದರೆ ಚರ್ಮಕ್ಕೆ ಅಂಟಿಕೊಂಡಿತ್ತು. ಇದನ್ನೂ ಇಂದೇ ತೆಗೆಯಬೇಕೆಂದು ವೈದ್ಯೆ ಹೇಳಿದಾಗ ಮುನಿರತ್ನಮ್ಮ ತಡೆದರು. "ಅದೊಂದಾದ್ರೂ ಇರ್ಲಿ ತಾಯಿ. ಎರಡೂ ತೆಗೆದ್ರೆ ಮಾವ ಇಕ್ಕಿದ್ದು ಅಂತ ಏನುಳೀತದೆ?"

ಎಲ್ಲರೂ ಮೋಹನನನ್ನು ನೋಡಿದರು. ಅವನು ಮುನಿರತ್ನಮ್ಮನನ್ನು ನೋಡಿದ. ತಾನು ತಂದ ಓಲೆ ಕೆಟ್ಟದ್ದೆಂದಾದರೆ ತಂಗಿಯ ತವರಿಗೆ ಅವಮಾನವೆಂದು ಎರಡು ದಿನ ಕೊರಗಿದ್ದ. ಈಗ ಉಳಿಸಿಕೊಳ್ಳಿ ಎಂದು ಬೇಡುತ್ತಿರುವವರು ಅವರೇ. ಯಾವುದು ಮರ್ಯಾದೆ, ಯಾವುದು ಅವಮಾನ ಎಂಬ ಲೆಕ್ಕ ಅವನಿಗೆ ಪೂರ್ತಿ ತಪ್ಪಿಹೋಯಿತು. ತೊಡೆಯ ಮೇಲಿನ ಮಗು ಬಿಕ್ಕುತ್ತ ಅವನ ಶರ್ಟಿನ ಗುಂಡಿಯನ್ನು ಹಿಡಿದುಕೊಂಡಿತ್ತು.

"ಮಾವನೇ ತೆಗೀಬೇಕು ಅಂದ್ರಲ್ಲ ಅತ್ತೆ. ನಾನೇ ತೆಗೀತೀನಿ," ಎಂದ.

ವೈದ್ಯೆ ಎಡಗಿವಿಯನ್ನೂ ಮರಗಟ್ಟಿಸಿದರು. ಮೋಹನ ಕೈ ತೊಳೆದುಕೊಂಡು ಬಂದು, ಎಡಗಿವಿಯ ಹಿಂದೆ ಎರಡು ಬೆರಳಿಟ್ಟ. ಮರಗಟ್ಟಿದ ಕಿವಿಯಲ್ಲೂ ಮಗು ಬೆಚ್ಚಿ ತಲೆ ಕೊಡವಿತು.

"ಆ ಕಡೆ ಅಲ್ಲ!" ಎಂದರು ವೈದ್ಯೆ.

ಅವನ ಬೆರಳು ಅಭ್ಯಾಸದಂತೆ ಬಿಗಿಯುವ ಕಡೆಗೇ ತಿರುಗಿತ್ತು. ಮೋಹನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬೇರೆ ಯಾರದೋ ಕೈಯೆಂಬಂತೆ ಒಂದು ಗಳಿಗೆ ನೋಡಿದ. ಮತ್ತೆ ಇಟ್ಟ. ಈ ಸಲ ಬಿಚ್ಚುವ ಕಡೆಗೆ, ಒಂದೊಂದೇ ಸುತ್ತು ತಿರುಗಿಸಿದ. ಓಲೆ ಅಂಗೈಗೆ ಬಿತ್ತು.

ವೈದ್ಯೆ ಹೇಳಿದ್ದು ಹೆಚ್ಚೇನೂ ಇರಲಿಲ್ಲ. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ದಿನಕ್ಕೆರಡು ಸಲ ಒರೆಸುವುದು, ಮುಟ್ಟುವ ಮೊದಲು ಕೈ ತೊಳೆಯುವುದು, ಅವರು ಬರೆದುಕೊಟ್ಟ ಮುಲಾಮು ಬಿಟ್ಟು ಅರಿಶಿನ, ಎಣ್ಣೆ, ಎದೆಹಾಲು ಯಾವುದನ್ನೂ ಹಚ್ಚದಿರುವುದು, ಸಿರಪ್ಪನ್ನು ನಡುವೆ ನಿಲ್ಲಿಸದೆ ಮುಗಿಸುವುದು. ಜ್ವರ ಬಂದರೆ ಅಥವಾ ಕೆಂಪು ಮೇಲಕ್ಕೆ ಹರಡಿದರೆ ಕೂಡಲೇ ಕರೆತರಬೇಕು. ತೂತು ಮುಚ್ಚಿಕೊಂಡರೂ ಚಿಂತೆಯಿಲ್ಲ. ಪೂರ್ತಿ ವಾಸಿಯಾಗಿ ಕೆಲವು ತಿಂಗಳು ಕಳೆದ ಮೇಲೆ ಮತ್ತೆ ಚುಚ್ಚಿಸಬಹುದು. ಆಗ ತಿರುಪು ಸಡಿಲವಾಗಿರಲಿ, ಕಾಯುವವರು ಒಬ್ಬರೇ ಇರಲಿ.

ಹಿಂದಿರುಗುವ ಹೊತ್ತಿಗೆ ಉದ್ದನಪಲ್ಲಿಯಲ್ಲಿ ಬಿಸಿಲು ಇಳಿದಿತ್ತು. ಸಹನಾ ಎರಡೂ ಕಿವಿಗೆ ಹತ್ತಿ ಅಂಟಿಸಿಕೊಂಡು, ಹೊಟ್ಟೆ ತುಂಬ ಹಾಲು ಕುಡಿದು ಮಲಗಿದಳು. ಈಗ ಹೊಸ ಗೊಂದಲವೊಂದು ಎದ್ದಿತು: ಓಲೆಯನ್ನು ಇಡುವುದೆಲ್ಲಿ? ಮಗುವಿನ ಕಿವಿಗೆ ಹಾಕುವಂತಿಲ್ಲ. ಮಾವ ಕೊಟ್ಟದ್ದು ಮಾವನ ಮನೆಗೆ ಹಿಂದಿರುಗಬಾರದೆಂದು ಮುನಿರತ್ನಮ್ಮ. ತೊಟ್ಟಿಲಿಗೆ ಕಟ್ಟಿದರೆ ಮಗು ಬಾಯಿಗೆ ಹಾಕೀತೆಂದು ಕೋಮಲಾ. ಕೊನೆಗೆ ದೇವರ ಗೂಡಿನ ಕುಂಕುಮದ ಭರಣಿಯ ಪಕ್ಕ ಒಂದು ಖಾಲಿ ಡಬ್ಬಿ ಸಿಕ್ಕಿತು.

"ಅಂಗಡಿ ಹೆಸರು ಹೇಳ್ನೇ ಇಲ್ವಲ್ಲಪ್ಪ ನೀನು," ಎಂದರು ಮುನಿರತ್ನಮ್ಮ, ಡಬ್ಬಿ ಒರೆಸುತ್ತ.

ಮೋಹನ ಅಂಗಡಿಯ ಹೆಸರು ಹೇಳಿದ.

"ನಮ್ಮಕ್ಕ ಕೇಳ್ತಿದ್ಲು. ಅವಳ ಮೊಮ್ಮಗಳಿಗೂ ಅಂಥಾದ್ದೇ ಬೇಕಂತೆ."

ಕಲ್ಪನಾ ಇಲ್ಲಿಲ್ಲವಲ್ಲ ಎಂದು ಅವನಿಗೆ ಸಮಾಧಾನವಾಯಿತು. ಆದರೂ ಯಾರ ಸುತ್ತು ಕೊನೆಯದು, ಯಾವ ಸುತ್ತಿಗೆ ಕಿವಿ ಸೋತಿತು ಎಂಬುದು ಅವನಿಗೆ ತಿಳಿದಿರಲಿಲ್ಲ, ಮುಂದೆಯೂ ತಿಳಿಯುವಂತಿರಲಿಲ್ಲ. ಬಹುಶಃ ತನ್ನದೇ, ಅನ್ನಿಸಿತು. ಮುನಿರತ್ನಮ್ಮನಿಗೂ ತಮ್ಮದೇ ಅನ್ನಿಸುತ್ತಿರಬೇಕು. ಅವರು ಮತ್ತೆ ಮತ್ತೆ ತೊಟ್ಟಿಲ ಕಡೆ ನೋಡುತ್ತಿದ್ದರು.

ಅವನು ತೊಳೆದ ಓಲೆಗೆ ತಿರುಪು ಹಾಕತೊಡಗಿದ.

"ಭದ್ರವಾಗಿ ಹಾಕಪ್ಪ," ಎಂದರು ಮುನಿರತ್ನಮ್ಮ. "ಡಬ್ಬೀಲಿ ಬಿಚ್ಚೋಗಿ ಉದುರೋದಾತು."

ಮೋಹನ ತಿರುಗಿಸಿದ. ತಿರುಪು ಹೋಗಿ ಹರಳಿನ ಬೆನ್ನಿಗೆ ತಾಗಿ ನಿಂತಿತು. ಆಮೇಲೆ ಅವರಿಗೆ ಕಾಣದಂತೆ ಎರಡು ಸುತ್ತು ಹಿಂದಕ್ಕೆ ಬಿಚ್ಚಿ, ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಮೆಲ್ಲಗೆ ಒತ್ತಿದ.

ಮುಂದಿನ ಮಂಗಳವಾರ ಮತ್ತೆ ತೋರಿಸಿದಾಗ ಕೀವು ನಿಂತಿತ್ತು. ಬಲಗಿವಿಯ ತೂತು ಮುಚ್ಚಿಕೊಂಡಿತ್ತು. ಎಡಗಿವಿಯದು ಚುಕ್ಕಿಯಷ್ಟು ಉಳಿದಿತ್ತು. ಅಂದು ಮೋಡವಿತ್ತು, ಮಳೆ ಬರಲಿಲ್ಲ.

ಖರ್ಚಾದದ್ದು: ವೈದ್ಯರಿಗೆ ಮೊದಲ ಸಲ ನಾನೂರು, ಎರಡನೆಯ ಸಲ ಇನ್ನೂರು, ತಿರುಪು ತೆಗೆದು ಕಟ್ಟು ಹಾಕಿದ್ದಕ್ಕೆ ಸಾವಿರದ ಇನ್ನೂರು, ಮುಲಾಮು, ಸಿರಪ್ಪು, ಹತ್ತಿಗೆ ಮುನ್ನೂರ ನಲವತ್ತೆಂಟು, ಟೆಂಪೊದ ಡೀಸೆಲ್ಲಿಗೆ ನಾನೂರು, ಟೀ, ಬನ್ನು, ಬಾಳೆಹಣ್ಣಿಗೆ ನೂರಹತ್ತು, ಚಿನ್ನದಂಗಡಿಗೆ ಹೋಗಿಬಂದ ಪೆಟ್ರೋಲಿಗೆ ಐವತ್ತು. ಒಟ್ಟು ಎರಡು ಸಾವಿರದ ಏಳುನೂರ ಎಂಟು ರೂಪಾಯಿ. ಉಪ್ಪು ಮನೆಯದೇ.